ಛತ್ರ ಮೊದಲೋ, ಮುಹೂರ್ತ ಮೊದಲೋ: ಕಂಪ್ಯೂಟರ್ ಚೆಸ್ ಟೂರ್ನಿಯ ಊರು ಮತ್ತು ದಿನ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮದುವೆ ಮಾಡಿದವರಿಗೆ ಈ ಪಾಡು ಗೊತ್ತು. ಪುರೋಹಿತರು ಮುಹೂರ್ತ ಇಟ್ಟುಕೊಡುತ್ತಾರೆ, ಆ ದಿನಕ್ಕೆ ಛತ್ರ ಸಿಗುವುದಿಲ್ಲ. ಛತ್ರದವರು ಖಾಲಿ ಇರುವ ದಿನ ಹೇಳುತ್ತಾರೆ, ಅವತ್ತು ನೋಡಿದರೆ ಅಮಾವಾಸ್ಯೆ. ಎರಡೂ ಕೂಡಿ ಬಂತು ಅನ್ನುವಾಗ ಸೋದರಮಾವನಿಗೆ ರಜೆ ಇಲ್ಲ. ಕಂಪ್ಯೂಟರ್‌ಗಳ ವಿಶ್ವ ಚೆಸ್ ಚಾಂಪಿಯನ್‌ಷಿಪ್ಪಿನ ಚರಿತ್ರೆ ಓದುತ್ತಾ ಹೋದರೆ ನನಗೆ ಪದೇ ಪದೇ ನೆನಪಾಗುವುದು ಇದೇ.

ಮೊದಲನೆಯದು ನಡೆದದ್ದು 1974ರ ಆಗಸ್ಟ್‌ನಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಸ್ಟಾಕ್‌ಹೋಮ್ ಯಾಕೆ? ಚೆಸ್ಸಿಗೂ ಆ ಊರಿಗೂ ವಿಶೇಷ ನಂಟೇನೂ ಇರಲಿಲ್ಲ. ಅಂತರರಾಷ್ಟ್ರೀಯ ಮಾಹಿತಿ ಸಂಸ್ಕರಣಾ ಒಕ್ಕೂಟದ ಮಹಾ ಸಮ್ಮೇಳನ ಆ ವಾರ ಅಲ್ಲಿತ್ತು. ಪ್ರೋಗ್ರಾಂ ಬರೆದವರು ಹೇಗೂ ಅಲ್ಲಿಗೆ ಬರುವವರೇ, ಪ್ರಯಾಣದ ಖರ್ಚು ಅವರವರ ಸಂಸ್ಥೆಯದು. ದೊಡ್ಡ ಜಾತ್ರೆಯ ಪಕ್ಕ ಒಂದು ಸಣ್ಣ ಅಂಗಡಿ ಹಾಕಿದಂತೆ ಟೂರ್ನಿ ನಡೆಯಿತು. 13 ಪ್ರೋಗ್ರಾಂಗಳು, ನಾಲ್ಕೇ ಸುತ್ತು. ಗೆದ್ದದ್ದು ಸೋವಿಯತ್ ಒಕ್ಕೂಟದ ಕೈಸಾ. ಯಂತ್ರ ಮಾಸ್ಕೋದಲ್ಲೇ ಇತ್ತು, ನಡೆಗಳು ಟೆಲಿಫೋನಿನಲ್ಲಿ ಬರುತ್ತಿದ್ದವು.

ನಾಲ್ಕು ಸುತ್ತು ಅನ್ನುವುದನ್ನು ಸ್ವಲ್ಪ ಗಮನಿಸಿ. ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದದ್ದು ಅಮೆರಿಕದ ಚೆಸ್ 4.0. ಅದು ಎರಡನೇ ಸುತ್ತಿನಲ್ಲಿ ಇನ್ನೊಂದಕ್ಕೆ ಸೋತು ಹಿಂದೆ ಬಿತ್ತು. ಕೈಸಾಗೂ ಅದಕ್ಕೂ ಟೂರ್ನಿಯಲ್ಲಿ ಮುಖಾಮುಖಿಯೇ ಆಗಲಿಲ್ಲ. ಎಲ್ಲ ಮುಗಿದ ಮೇಲೆ ಎರಡನ್ನೂ ಕೂರಿಸಿ ಒಂದು ಸ್ನೇಹಪರ ಆಟ ಆಡಿಸಿದರು, ಅದು ಡ್ರಾ ಆಯಿತು. ಅಂದರೆ ಸಮ್ಮೇಳನದ ಕ್ಯಾಲೆಂಡರ್ ಸುತ್ತುಗಳನ್ನು ನಿರ್ಧರಿಸಿತು, ಸುತ್ತುಗಳು ಯಾರ ಎದುರು ಯಾರು ಅನ್ನುವುದನ್ನು ನಿರ್ಧರಿಸಿದವು. 1986ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಇದು ಇನ್ನೂ ಢಾಳಾಗಿ ಕಂಡಿತು. 22 ಪ್ರೋಗ್ರಾಂಗಳಿಗೆ ಐದು ಸುತ್ತು. ಕೊನೆಗೆ ನಾಲ್ಕು ಪ್ರೋಗ್ರಾಂಗಳು ತಲಾ ನಾಲ್ಕು ಅಂಕ ಪಡೆದು ಸಮನಾಗಿ ನಿಂತವು. ಟೈಬ್ರೇಕ್ ಲೆಕ್ಕ ಹಾಕಿ ಕ್ರೇ ಬ್ಲಿಟ್ಜ್‌ಗೆ ಪಟ್ಟ ಕಟ್ಟಬೇಕಾಯಿತು.

ಲೆಕ್ಕ ಸುಲಭ, ಬೆರಳಲ್ಲೇ ಮಾಡಬಹುದು. ಎಲ್ಲರ ಎದುರು ಎಲ್ಲರೂ ಆಡಬೇಕಾದರೆ ಹತ್ತು ಪ್ರೋಗ್ರಾಂಗೆ ಒಂಬತ್ತು ಸುತ್ತು. ಒಬ್ಬೊಬ್ಬರಿಗೆ ಎರಡೆರಡು ಗಂಟೆ ಕೊಟ್ಟರೆ ಒಂದು ಆಟಕ್ಕೆ ನಾಲ್ಕು ಗಂಟೆ. ದಿನಕ್ಕೆ ಎರಡು ಆಟದಂತೆ ಐದು ದಿನ. ಇದು ಸಾಧ್ಯ. ಆದರೆ 1989ರಲ್ಲಿ ಕೆನಡಾದ ಎಡ್ಮಂಟನ್‌ಗೆ ಬಂದದ್ದು 24 ಪ್ರೋಗ್ರಾಂ. ಅವಕ್ಕೆಲ್ಲ ಪರಸ್ಪರ ಆಡಿಸಲು ಹೋಗಿದ್ದರೆ ಹನ್ನೆರಡು ದಿನ ಸಭಾಂಗಣ ಹಿಡಿದಿಡಬೇಕಿತ್ತು. ಹನ್ನೆರಡು ದಿನ ಹೋಟೆಲಿನಲ್ಲಿದ್ದು ಬಿಲ್ ಕಟ್ಟುವವರು ಯಾರು? ಬಂದವರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ರಾತ್ರಿ ಪ್ರೋಗ್ರಾಂ ಬರೆಯುವವರು.

ಇಷ್ಟು ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದಿರುತ್ತದೆ. ಆಡುವುದು ಯಂತ್ರ, ಅದಕ್ಕೆ ಊರೇಕೆ ಸ್ವಾಮಿ, ತಂತಿಯ ಮೇಲೆ ಆಡಿಸಿದರೆ ಸಾಲದೇ? ಆ ಸಭಾಂಗಣ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ಮೇಜಿನ ಮೇಲೆ ನಾವು ನೀವು ಆಡುವಂಥದೇ ಮರದ ಹಲಗೆ, ಮರದ ಕಾಯಿ, ಗಡಿಯಾರ. ಎರಡೂ ಕಡೆ ಒಬ್ಬೊಬ್ಬ ಮನುಷ್ಯ, ಪಕ್ಕದಲ್ಲಿ ಕಂಪ್ಯೂಟರ್. ಪರದೆಯ ಮೇಲೆ ಬಂದ ನಡೆಯನ್ನು ಅವನು ಕೈಯಾರೆ ಹಲಗೆಯ ಮೇಲೆ ಇಟ್ಟು ಗಡಿಯಾರ ಒತ್ತುತ್ತಾನೆ. ಎದುರಿನವನು ಅದನ್ನು ನೋಡಿ ತನ್ನ ಯಂತ್ರಕ್ಕೆ ಟೈಪ್ ಮಾಡುತ್ತಾನೆ. ಅವನು ಕಾಫಿ ಹೀರುತ್ತಾ ಕೂತರೆ ಓಡುವುದು ಅವನ ಪ್ರೋಗ್ರಾಮಿನ ಸಮಯ.

ಆ ಮನುಷ್ಯನ ಕೈಯಲ್ಲಿ ಏನೇನು ಇತ್ತು ಅನ್ನುವುದಕ್ಕೆ 2003ರ ಗ್ರಾಜ್ ನೋಡಿ. ಆಸ್ಟ್ರಿಯಾದ ಆ ಊರು ಆ ವರ್ಷ ಯುರೋಪಿನ ಸಾಂಸ್ಕೃತಿಕ ರಾಜಧಾನಿ. ಅಲ್ಲಿ ಶ್ರೆಡರ್ ಎಂಬ ಬಲಶಾಲಿ ಪ್ರೋಗ್ರಾಂ ಜಾನಿ ಎಂಬುದರ ವಿರುದ್ಧ ಗೆಲ್ಲುವ ಸ್ಥಿತಿಯಲ್ಲಿದ್ದಾಗ, ಏನೋ ದೋಷದಿಂದ ಅದೇ ಸ್ಥಿತಿಯನ್ನು ಮೂರು ಬಾರಿ ಬರಿಸಿಬಿಟ್ಟಿತು. ನಿಯಮದ ಪ್ರಕಾರ ಕೇಳಿದರೆ ಡ್ರಾ. ಜಾನಿಯ ಪರದೆಯ ಮೇಲೆ ಮೂರನೇ ಬಾರಿ ಅಂತ ಸೂಚನೆಯೂ ಬಂತು. ಆದರೆ ಅದರ ಮುಂದೆ ಕೂತಿದ್ದವರು ಡ್ರಾ ಕೇಳಲಿಲ್ಲ, ಮುಂದಿನ ನಡೆ ಇಟ್ಟರು. ಶ್ರೆಡರ್ ಗೆದ್ದಿತು. ಜೋರು ಚರ್ಚೆಯಾಯಿತು, ಫಲಿತಾಂಶ ಬದಲಾಗಲಿಲ್ಲ. ಕೊನೆಯಲ್ಲಿ ಶ್ರೆಡರ್ ಮತ್ತು ಫ್ರಿಟ್ಜ್ ಹನ್ನೊಂದಕ್ಕೆ ಒಂಬತ್ತೂವರೆ ಅಂಕ ಪಡೆದು ಸಮ. ಟೈಬ್ರೇಕ್ ಆಡಿ ಶ್ರೆಡರ್ ಚಾಂಪಿಯನ್. ಆ ಅರ್ಧ ಅಂಕ ಹೋಗಿದ್ದರೆ ಫ್ರಿಟ್ಜ್ ಒಂದೇ ಮೇಲಿರುತ್ತಿತ್ತು. ವೇಳಾಪಟ್ಟಿ ಮಾಡುವವರು ಕೊನೆಯ ದಿನ ಮಧ್ಯಾಹ್ನವನ್ನು ಖಾಲಿ ಬಿಡಬೇಕು ಅಂತ ನಾನು ಹಟ ಹಿಡಿಯುವುದು ಇಂಥದಕ್ಕೇ.

ಇನ್ನು ಊರಿನ ಆಯ್ಕೆ. ಪಟ್ಟಿ ನೋಡಿ: 2002 ಮಾಸ್ಟ್ರಿಕ್ಟ್, 2011 ಟಿಲ್ಬರ್ಗ್, 2015, 2016, 2017 ಲೈಡನ್. ಎಲ್ಲವೂ ನೆದರ್ಲೆಂಡ್ಸ್. ಡಚ್ಚರಿಗೆ ಚೆಸ್ ಹುಚ್ಚು, ನಿಜ. ಆದರೆ ಇದರ ಗುಟ್ಟು ಬೇರೆ. ಯಾಪ್ ವಾನ್ ಡೆನ್ ಹೆರಿಕ್ ಎಂಬ ಪ್ರೊಫೆಸರು ಮೊದಲು ಮಾಸ್ಟ್ರಿಕ್ಟ್‌ನಲ್ಲಿದ್ದರು, ಆಮೇಲೆ ಟಿಲ್ಬರ್ಗ್‌ಗೆ ಹೋದರು, ಆಮೇಲೆ ಲೈಡನ್‌ಗೆ. ಅವರ ಹಿಂದೆಯೇ ಚಾಂಪಿಯನ್‌ಷಿಪ್ಪೂ ಗಂಟುಮೂಟೆ ಕಟ್ಟಿಕೊಂಡು ಹೋಯಿತು! 2010ರಲ್ಲಿ ಜಪಾನಿನ ಕನಜಾವಾ ಆಯ್ಕೆಯಾಯಿತು, ಅದರ ಹತ್ತಿರದ ಸಂಸ್ಥೆಯಲ್ಲಿ ಹಿರೋಯುಕಿ ಇಡಾ ಇದ್ದರು. ಎಡ್ಮಂಟನ್ ಅಂದರೆ ಟೋನಿ ಮಾರ್ಸ್‌ಲ್ಯಾಂಡ್, ಜೊನಾಥನ್ ಶೆಫರ್ ಇದ್ದ ಅಲ್ಬರ್ಟಾ ವಿಶ್ವವಿದ್ಯಾಲಯ. ಹಾಗಾಗಿ ಊರು ಹುಡುಕುವ ಸಮಿತಿಗಳಿಗೆ ನಾನು ಹೇಳುವುದಿಷ್ಟೇ: ಭೂಪಟ ಮಡಚಿಡಿ, ಸಭಾಂಗಣದ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಿ. ವಿಶ್ವವಿದ್ಯಾಲಯದ ಒಳಗಿನವರು ಒಬ್ಬರಿದ್ದರೆ ಕೋಣೆ, ಇಂಟರ್ನೆಟ್, ಹಾಸ್ಟೆಲು ಮೂರೂ ಕೈಗೆಟಕುತ್ತವೆ. ಇಲ್ಲದಿದ್ದರೆ ಎಷ್ಟು ಚಂದದ ಊರಾದರೂ ದುಬಾರಿಯೇ.

ಎರಡನೆಯದು, ಯಂತ್ರ ಗಡಿ ದಾಟಬೇಕು. 1982ರಲ್ಲಿ ಕೆನ್ ಥಾಂಪ್ಸನ್ ತಮ್ಮ ಬೆಲ್ ಯಂತ್ರವನ್ನು ಸೋವಿಯತ್ ಒಕ್ಕೂಟಕ್ಕೆ ಒಯ್ಯುತ್ತಿದ್ದರು. ಬೆಲ್ ಅಂದರೆ 1980ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಇದೇ ಚಾಂಪಿಯನ್‌ಷಿಪ್ ಗೆದ್ದ ಚೆಸ್ ಯಂತ್ರ. ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಕಸ್ಟಮ್ಸ್‌ನವರು ಅದನ್ನು ತಡೆದು ಇಟ್ಟುಕೊಂಡರು. ಸೇನೆಗೆ ಉಪಯೋಗಕ್ಕೆ ಬರುವ ತಂತ್ರಜ್ಞಾನವಂತೆ! ಬಿಡಿಸಿಕೊಳ್ಳಲು ಒಂದು ತಿಂಗಳ ಮೇಲಾಯಿತು, 600 ಡಾಲರ್ ದಂಡ ಬೇರೆ. ವಿಮಾನದಿಂದ ಯಾರ ತಲೆಯ ಮೇಲಾದರೂ ಕೆಡವಿದರೆ ಮಾತ್ರ ಅದು ಆಯುಧವಾದೀತು ಅಂತ ಥಾಂಪ್ಸನ್ ಆಮೇಲೆ ತಮಾಷೆ ಮಾಡಿದರು.

ಗಡಿ ದಾಟಿದ ಮೇಲೂ ಕರೆಂಟಿನ ಕಾಟ. ಜಪಾನಿನಲ್ಲಿ 100 ವೋಲ್ಟ್, ಯುರೋಪಿನಲ್ಲಿ 230. ಹಳೆಯ ಕಂಪ್ಯೂಟರಿನ ಹಿಂದೆ, ಫ್ಯಾನಿನ ಪಕ್ಕ ಒಂದು ಪುಟ್ಟ ಕೆಂಪು ಸ್ವಿಚ್ಚು ಇರುತ್ತಿತ್ತು, 115 ಮತ್ತು 230 ಅಂತ ಬರೆದದ್ದು. ಅದನ್ನು 115ರ ಕಡೆ ಬಿಟ್ಟು ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಢಬ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. ಒಂದನ್ನು ಸುಟ್ಟ ಪುಣ್ಯ ನನ್ನ ಖಾತೆಯಲ್ಲೂ ಇದೆ.

ಯಂತ್ರ ಮನೆಯಲ್ಲೇ ಇರಲಿ, ತಂತಿಯಲ್ಲಿ ಆಡಿಸೋಣ ಅಂದರೆ 1995ರ ಹಾಂಗ್‌ಕಾಂಗ್ ನೆನಪಿಸಿಕೊಳ್ಳಿ. ಐಬಿಎಂನ ಡೀಪ್ ಬ್ಲೂ ಮಾದರಿ ಯಂತ್ರ ನ್ಯೂಯಾರ್ಕ್ ಕಡೆ ಇತ್ತು, ಮೇ ತಿಂಗಳಲ್ಲಿ ಎರಡೂ ಊರಿಗೆ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ಹಾಂಗ್‌ಕಾಂಗ್‌ನ ಮಧ್ಯಾಹ್ನ ಅಲ್ಲಿ ನಡುರಾತ್ರಿ. ಫ್ರಿಟ್ಜ್ ವಿರುದ್ಧದ ಆಟದ ನಡುವೆ ಸಂಪರ್ಕ ಕಡಿದು ಮತ್ತೆ ಶುರು ಮಾಡಬೇಕಾಯಿತು. ಆ ಆಟವನ್ನು ಡೀಪ್ ಬ್ಲೂ ಸೋತಿತು. ಸಾಮಾನ್ಯ ಪೆಂಟಿಯಂ ಮೇಲೆ ಓಡುತ್ತಿದ್ದ ಫ್ರಿಟ್ಜ್ ಆ ವರ್ಷದ ಚಾಂಪಿಯನ್.

ಸುತ್ತುಗಳ ನಡುವೆ ಬಿಡುವು ಬೇಕು ಅನ್ನುವುದನ್ನು ಸಂಘಟಕರು ಬೇಗ ಒಪ್ಪುವುದಿಲ್ಲ. ಅವರಿಗೆ ನಾನು 1977ರ ಟೊರಾಂಟೊ ಕಥೆ ಹೇಳುತ್ತೇನೆ. ಡಚೆಸ್ ಎಂಬ ಪ್ರೋಗ್ರಾಂ ವಿರುದ್ಧ ಆಡುತ್ತಿದ್ದ ಕೈಸಾ, ತನ್ನ ರಾಜನಿಗೆ ಚೆಕ್ ಬಂದಾಗ, ರಾಜನನ್ನು ಸುಮ್ಮನೆ ಸರಿಸುವ ಬದಲು ಆನೆಯನ್ನು ಅಡ್ಡ ಇಟ್ಟು ಪುಕ್ಕಟೆ ಕೊಟ್ಟುಬಿಟ್ಟಿತು. ನೋಡುತ್ತಿದ್ದವರಲ್ಲಿ ಮಾಜಿ ವಿಶ್ವ ಚಾಂಪಿಯನ್ ಬೊತ್ವಿನ್ನಿಕ್ ಕೂಡ ಇದ್ದರು. ಪ್ರೋಗ್ರಾಂ ಕೆಟ್ಟಿತು ಅಂತಲೇ ಎಲ್ಲರೂ ತಿಳಿದರು. ಆಟ ಸೋತ ಮೇಲೆ ಕೈಸಾವನ್ನೇ ಕೇಳಿ ನೋಡಿದರು: ರಾಜನನ್ನು ಸರಿಸಿದ್ದರೆ ಏನಾಗುತ್ತಿತ್ತು? ಡಚೆಸ್ ತನ್ನ ರಾಣಿಯನ್ನೇ ಬಲಿ ಕೊಟ್ಟು ಮೇಟ್ ಮಾಡುವ ದಾರಿಯನ್ನು ಅದು ತೋರಿಸಿತು. ಸಭೆಯಲ್ಲಿದ್ದ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಮುಂದಿನ ಸುತ್ತಿನ ಗಂಟೆ ಆಗಲೇ ಬಾರಿಸಿದ್ದರೆ ಕೇಳುವ ವ್ಯವಧಾನ ಯಾರಿಗಿರುತ್ತಿತ್ತು?

2010ರಲ್ಲಿ ಟಿಸಿಇಸಿ ಎಂಬ ಆನ್‌ಲೈನ್ ಟೂರ್ನಿ ಶುರುವಾಯಿತು. ಎಲ್ಲ ಪ್ರೋಗ್ರಾಂಗಳಿಗೂ ಒಂದೇ ಯಂತ್ರ, ವೀಸಾ ಬೇಡ, ಹೋಟೆಲು ಬೇಡ, ಹಗಲುರಾತ್ರಿ ಆಟ. ಬಲಾಬಲ ಅಳೆಯುವುದಕ್ಕೆ ಅದೇ ಸರಿಯಾದ ದಾರಿ, ನನಗೆ ಅನುಮಾನವಿಲ್ಲ. ಸಭಾಂಗಣದ ಟೂರ್ನಿಗೆ ಬರುವವರು ಕಡಿಮೆಯಾಗುತ್ತಾ ಹೋದರು. 2013ರ ಯೊಕೊಹಾಮಾದಲ್ಲಿ ಆಡಿದ್ದು ಆರೇ. ಮತ್ತೆ ದೊಡ್ಡ ಸಮ್ಮೇಳನಗಳ ನೆರಳಿಗೇ ಬರಬೇಕಾಯಿತು: 2018ರಲ್ಲಿ ಸ್ಟಾಕ್‌ಹೋಮ್, 2019ರಲ್ಲಿ ಮಕಾವ್, ಎರಡೂ ಕೃತಕ ಬುದ್ಧಿಮತ್ತೆಯ ಅಂತರರಾಷ್ಟ್ರೀಯ ಸಮ್ಮೇಳನದ ಜೊತೆಗೆ. ಸ್ಟಾಕ್‌ಹೋಮ್‌ನಲ್ಲಿ, 44 ವರ್ಷ ಕಳೆದ ಮೇಲೂ, ಅದೇ ಜಾತ್ರೆ, ಪಕ್ಕದಲ್ಲಿ ಅದೇ ಸಣ್ಣ ಅಂಗಡಿ.

ಪ್ರಶ್ನೆಗಳಿದ್ದರೆ ಕೇಳಿ. ಈ ಸಭಾಂಗಣವನ್ನು ಎಷ್ಟು ಗಂಟೆಯವರೆಗೆ ಕೊಟ್ಟಿದ್ದಾರೆ ಅಂತ ಮಾತ್ರ ಸಂಘಟಕರು ಮೊದಲು ಹೇಳಿಬಿಡಲಿ.