ಒಂದೇ ಗಂಟೆಯತ್ತ ಹಾರಿದ ಕಣಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಒಂದು ಬದುವಿನ ವಿಷಯ. ಹೊಲದ ಬದುವಲ್ಲ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ಒಂದು ನಕ್ಷೆಯ ಮೇಲೆ ಎದ್ದ ಬದು. 2010ರ ಸೆಪ್ಟೆಂಬರಿನಲ್ಲಿ, ಅಲ್ಲಿ ಸಿಎಂಎಸ್ ಎಂಬ ಕಣ ಪತ್ತೆಯಂತ್ರ ನಡೆಸುವ ತಂಡದವರು ಅದನ್ನು ಎಲ್ಲರ ಮುಂದಿಟ್ಟರು.

ಅಲ್ಲಿ ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಕೊಳವೆಯಲ್ಲಿ ಪ್ರೋಟಾನುಗಳು ಎದುರುಬದುರಾಗಿ ಓಡಿಬಂದು ಡಿಕ್ಕಿ ಹೊಡೆಯುತ್ತವೆ. ಅಪರೂಪಕ್ಕೆ ಒಂದೇ ಡಿಕ್ಕಿಯಿಂದ ನೂರಕ್ಕೂ ಹೆಚ್ಚು ಕಣಗಳು ಚಿಮ್ಮುತ್ತವೆ. ತಂಡ ಅಂಥ ಸುಮಾರು ಮೂರೂವರೆ ಲಕ್ಷ ಡಿಕ್ಕಿಗಳನ್ನು ಹೆಕ್ಕಿ, ಕಣಗಳನ್ನು ಜೋಡಿ ಜೋಡಿಯಾಗಿ ಅಳೆದು ನೋಡಿತು.

ಕೊಳವೆಯ ಬಾಯಿಗೆ ಕಣ್ಣಿಟ್ಟಿದ್ದೀರಿ, ಸುತ್ತ ಗಡಿಯಾರದ ಅಂಕಿಗಳಿವೆ ಎಂದುಕೊಳ್ಳಿ. ಒಂದು ಕಣ ಎರಡು ಗಂಟೆಯತ್ತ ಹಾರಿದರೆ ಇನ್ನೊಂದು ಎದುರಿಗೆ, ಎಂಟು ಗಂಟೆಯತ್ತ ಹಾರುವುದು ಸಹಜ. ಬಂದೂಕು ಹಾರಿಸಿದಾಗ ಹೆಗಲಿಗೆ ಒದೆ ಬಿದ್ದಂತೆ. ಒತ್ತೊತ್ತಾಗಿ ಗೊಂಚಲಾಗಿ ಹಾರಿದರೂ ಸೋಜಿಗವಿಲ್ಲ, ಅವು ಪ್ರೋಟಾನಿನೊಳಗಿನ ಪುಟ್ಟ ಕಣವಾದ ಒಂದೇ ಕ್ವಾರ್ಕಿನ, ಇಲ್ಲವೇ ಕ್ವಾರ್ಕುಗಳನ್ನು ಅಂಟಿಸಿ ಹಿಡಿಯುವ ಒಂದೇ ಗ್ಲುವಾನಿನ ಸಂತಾನ. ಆದರೆ ಇಲ್ಲಿ ಒಂದು ಕಣ ನಿಮ್ಮತ್ತ ವಾಲಿಕೊಂಡು ಬರುತ್ತಿದೆ, ಇನ್ನೊಂದು ಆಚೆ ತುದಿಯತ್ತ ಹೋಗುತ್ತಿದೆ, ಎರಡೂ ಎರಡು ಗಂಟೆಯ ನೇರದಲ್ಲೇ! ಇಂಥ ಜೋಡಿಗಳು ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕವು. ನಕ್ಷೆಗಿಳಿಸಿದಾಗ ನಡುವೆ ಶಿಖರ, ಅದರ ಎರಡೂ ಪಕ್ಕಕ್ಕೆ ಉದ್ದಕ್ಕೆ ಚಾಚಿದ ತಗ್ಗು ಬದು.

ಅಷ್ಟು ದೂರ ಸರಿದ ಮೇಲೆ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲಾರವು. ಈ ನಂಟು ಹುಟ್ಟಿದ ಗಳಿಗೆಯಲ್ಲೇ ಬೆಸೆದಿರಬೇಕು. ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು ಈ ಮಾತೇ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಚಿನ್ನದ ನ್ಯೂಕ್ಲಿಯಸ್ಸುಗಳು ಢಿಕ್ಕಿಯಾದಾಗ ಇಂಥದೇ ಬದು ಕಂಡಿತ್ತು. ಅಲ್ಲಿ ಕ್ವಾರ್ಕ್ ಮತ್ತು ಗ್ಲುವಾನುಗಳು ದ್ರವವಾಗುತ್ತವೆ. ಆ ದ್ರವದ ಮೊಟ್ಟೆಯಾಕಾರದ ಹನಿ ತನ್ನ ಕಿರಿದಾದ ಮಗ್ಗುಲಿನತ್ತ ಹೆಚ್ಚು ರಭಸದಿಂದ ಹಿಗ್ಗುತ್ತದೆ. ಕೊಳವೆಯ ಉದ್ದಕ್ಕೂ ಆ ಮಗ್ಗುಲು ಒಂದೇ ಆದ್ದರಿಂದ ದೂರದೂರದ ಕಣಗಳೂ ಒಂದೇ ಗಂಟೆಯತ್ತ ಹಾರುತ್ತವೆ. ಆದರೆ ಒಂದು ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ 197 ಕಣಗಳಿವೆ. ಇಲ್ಲಿರುವುದು ಎರಡೇ ಪ್ರೋಟಾನು. ಪ್ರೋಟಾನಿನ ಅಳತೆಯೋ, ಮಿಲಿಮೀಟರಿನ ಲಕ್ಷ ಕೋಟಿ ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಪಾಲು. ಅಷ್ಟರಲ್ಲಿ ಹನಿಯೇ?

ಹನಿಯಲ್ಲ, ಡಿಕ್ಕಿಗೆ ಮೊದಲೇ ಪ್ರೋಟಾನಿನೊಳಗೆ ಕಿಕ್ಕಿರಿದಿದ್ದ ಗ್ಲುವಾನುಗಳ ವಿನ್ಯಾಸವೇ ಹೀಗೆ ಕಾಣುತ್ತಿದೆ ಎನ್ನುವವರೂ ಇದ್ದಾರೆ. ನನ್ನ ಒಲವು ಹನಿಯ ಕಡೆಗೆ. 2017ರಲ್ಲಿ ಸರ್ನ್‌ನ ಇನ್ನೊಂದು ತಂಡವಾದ ಆಲಿಸ್, ಕಣಗಳ ಸಂಖ್ಯೆ ಏರಿದಂತೆ ಸ್ಟ್ರೇಂಜ್ ಎಂಬ ಬಗೆಯ ಕ್ವಾರ್ಕ್ ಹೊತ್ತ ಕಣಗಳ ಪಾಲೂ ಏರುವುದನ್ನು ಪ್ರೋಟಾನು ಡಿಕ್ಕಿಗಳಲ್ಲೇ ತೋರಿಸಿತು. ಅದೂ ದ್ರವದ ಗುರುತೆಂದೇ ಹೆಸರಾದದ್ದು.

ಆದರೂ ಒಂದು ಸಾಕ್ಷಿ ಸಿಕ್ಕಿಲ್ಲ. ದ್ರವವಿದ್ದರೆ ಅದನ್ನು ಸೀಳಿ ಹೋಗುವ ರಭಸದ ಕಣಗಳು ಸೊರಗಬೇಕು. ಪ್ರೋಟಾನು ಡಿಕ್ಕಿಯಲ್ಲಿ ಅವು ಸೊರಗಿದ್ದು ಕಂಡಿಲ್ಲ. ಅದಕ್ಕೇ 2025ರ ಜುಲೈನಲ್ಲಿ ಸರ್ನ್‌ನವರು ಅದೇ ಕೊಳವೆಯಲ್ಲಿ ಮೊದಲ ಸಲ ಆಮ್ಲಜನಕದ ನ್ಯೂಕ್ಲಿಯಸ್ಸುಗಳನ್ನು ಒಂದಕ್ಕೊಂದು ಢಿಕ್ಕಿ ಹೊಡೆಸಿದರು. ಒಂದಕ್ಕೂ 197ಕ್ಕೂ ನಡುವೆ, ಒಂದೊಂದರಲ್ಲಿ ಹದಿನಾರೇ ಕಣ.

ನಮಸ್ಕಾರ.