ಹುಡಿ ಅದಿರು, ಮಳೆ ಮತ್ತು ಹಡಗು

ಕೇಳುಗರಿಗೆ ನಮಸ್ಕಾರ.

ಪಣಂಬೂರಿನ ಬಂದರಿನಲ್ಲಿ ಹುಡಿ ಅದಿರು ತುಂಬುವಾಗ ಎಲ್ಲರ ಕಣ್ಣು ತೂಕದ ಮೇಲೆ, ಕಬ್ಬಿಣದ ಅಂಶದ ಮೇಲೆ. ಹಡಗಿಗೆ ಅಪಾಯ ಬರುವುದು ಅದಿರಿನೊಳಗೆ ಅಡಗಿ ಬಂದ ನೀರಿನಿಂದ. 2009ರ ಜುಲೈನಲ್ಲಿ, ಮಂಗಳೂರಿನಲ್ಲಿ ಅದಿರು ತುಂಬಿ ಹೊರಟ ಏಷ್ಯನ್ ಫಾರೆಸ್ಟ್ ಹಡಗು ಮುಳುಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ಬ್ಲ್ಯಾಕ್ ರೋಸ್. ಎರಡರಲ್ಲೂ ಹುಡಿ ಅದಿರು, ಎರಡೂ ಮಳೆಗಾಲದಲ್ಲಿ.

ಒಳಗೆ ಆಗುವುದೇನು? ಅದಿರಿನ ಕಣಗಳ ನಡುವೆ ಗಾಳಿಯೂ ನೀರೂ ಇರುತ್ತವೆ. ಎಂಜಿನ್ನಿನ ನಡುಕಕ್ಕೆ, ಅಲೆಯ ತೂಗಾಟಕ್ಕೆ ರಾಶಿ ಕುಸಿದು ಗಟ್ಟಿಯಾಗುತ್ತದೆ, ಗಾಳಿ ಹೊರಬೀಳುತ್ತದೆ. ಜಾಗ ಸಾಲದೆ ನೀರಿನ ಒತ್ತಡ ಏರಿ, ಕಣಗಳ ಹಿಡಿತ ತಪ್ಪುತ್ತದೆ. ಬೆಳಿಗ್ಗೆ ಮೇಲೆ ನಡೆದಾಡಬಹುದಾಗಿದ್ದ ರಾಶಿ ಮಧ್ಯಾಹ್ನ ಕೆಸರಾಗಿ ಒಂದು ಬದಿಗೆ ಹರಿಯುತ್ತದೆ. ಹಡಗು ಮರಳಿ ವಾಲಿದರೂ ಅದಿರು ಪೂರ್ತಿ ಮರಳುವುದಿಲ್ಲ. ಮುಂದಿನ ಒಂದೆರಡು ಅಲೆಗೇ ಮಗುಚಬಹುದು, ದೋಣಿ ಇಳಿಸಲೂ ಸಮಯ ಸಿಗದಿರಬಹುದು. 2015ರ ಜನವರಿಯಲ್ಲಿ ಮಲೇಷ್ಯಾದ ಕುವಾಂಟಾನಿನಿಂದ ಬಾಕ್ಸೈಟ್ ಹೊತ್ತು ಹೊರಟ ಬಲ್ಕ್ ಜುಪಿಟರ್ ಮುಳುಗಿದಾಗ 19 ಮಂದಿಯಲ್ಲಿ ಉಳಿದವರು ಒಬ್ಬರೇ.

ಇದಕ್ಕೆ ಅಂತರರಾಷ್ಟ್ರೀಯ ಸಂಹಿತೆ ಇದೆ, 2011ರ ಜನವರಿ 1ರಿಂದ ಕಡ್ಡಾಯ. ನೀರಾಗಿ ಹರಿಯಬಲ್ಲ ಸರಕು ಅದರಲ್ಲಿ ‘ಎ’ ಗುಂಪು. ಸಾಗಿಸುವವರು ಎರಡು ಅಂಕಿ ಕೊಡಬೇಕು: ತೇವಾಂಶದ ಮಿತಿ ಎಷ್ಟು, ಈಗಿನ ತೇವಾಂಶ ಎಷ್ಟು. ಎಷ್ಟು ತೇವಕ್ಕೆ ಅದಿರು ಹರಿಯತೊಡಗುತ್ತದೆಂದು ಲ್ಯಾಬಿನಲ್ಲಿ ನೋಡುವ ಫ್ಲೋ ಟೇಬಲ್ ಪರೀಕ್ಷೆಯಲ್ಲಿ ಅದು 10 ಶೇಕಡಾ ತೇವಕ್ಕೆ ಹರಿಯಿತೆನ್ನಿ, ಅದರ 90 ಶೇಕಡಾ, ಅಂದರೆ 9, ಮಿತಿ. ಮಿತಿಯ ಪರೀಕ್ಷೆ ಆರು ತಿಂಗಳೊಳಗಿನದಾಗಿರಬೇಕು. ತೇವಾಂಶದ ಮಾದರಿ ತೆಗೆದು ಪರೀಕ್ಷಿಸಿದ್ದಕ್ಕೂ ಲೋಡಿಂಗಿಗೂ ಏಳು ದಿನಕ್ಕಿಂತ ಹೆಚ್ಚು ಅಂತರ ಕೂಡದು. ನಡುವೆ ಜೋರು ಮಳೆ ಬಂದರೆ ಹಳೆಯ ಕಾಗದ ಬದಿಗಿಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಎಷ್ಟು ಮಳೆ ಸಾಕು? ಸಾವಿರ ಟನ್ ಅದಿರಿನಲ್ಲಿ ತೇವ 8.5 ಇದೆ, ಮಿತಿ 9. ಸುಮಾರು ಐದೂವರೆ ಟನ್ ನೀರು ಸೇರಿದರೆ ಮಿತಿ ಮುಟ್ಟಿತು. ಹೋಲ್ಡಿನ, ಅಂದರೆ ಹಡಗಿನೊಳಗೆ ಸರಕು ತುಂಬುವ ಕೋಣೆಯ, ಬಾಯಿ 15 ಮೀಟರ್ ಉದ್ದ, 14 ಮೀಟರ್ ಅಗಲ ಇದ್ದರೆ 26 ಮಿಲಿಮೀಟರ್ ಮಳೆಗೇ ಅಷ್ಟು ನೀರು ಒಳಗಿಳಿಯುತ್ತದೆ. ಆಷಾಢದಲ್ಲಿ ನಮ್ಮ ಕರಾವಳಿಗೆ ಅದೇನು ಮಳೆಯೇ! ಆದ್ದರಿಂದ ಮೋಡ ಕವಿದಾಗಲೇ ಹೋಲ್ಡಿನ ಬಾಯಿ, ಅಂದರೆ ಹ್ಯಾಚ್, ಮುಚ್ಚಿ. ಕೆಲಸವಿಲ್ಲದ ಹೋಲ್ಡುಗಳು ಮೊದಲಿನಿಂದಲೂ ಮುಚ್ಚಿರಲಿ. ಡೆಮರೇಜಿನ, ಅಂದರೆ ಹಡಗು ತಡವಾದರೆ ತೆರಬೇಕಾದ ಹಣದ, ಲೆಕ್ಕ ಹೇಳಿ ತೆರೆದಿಡಿಸುವವರ ಮಾತಿಗೆ ಕಿವಿಗೊಡಬೇಡಿ.

ಯಾರ್ಡಿನಲ್ಲಿ ನೆಲ ಇಳಿಜಾರಾಗಿರಲಿ, ಸುತ್ತ ಚರಂಡಿ ಇರಲಿ. ಟಾರ್ಪಾಲು ಹೊದಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ನೀರು ರಾಶಿಯ ಬುಡಕ್ಕೆ ಇಳಿದು ನಿಂತಿರುತ್ತದೆ. ಮೇಲಿನ ಒಣ ಪದರದಿಂದ ಮಾದರಿ ತೆಗೆದರೆ ವರದಿ ಚೆನ್ನಾಗಿ ಬರುತ್ತದೆ, ಅಷ್ಟೇ. ಆಳದಿಂದ, ಬುಡದಿಂದ, ಎಲ್ಲ ಮಗ್ಗುಲಿಂದ ತೆಗೆಯಬೇಕು. ಒದ್ದೆ ರಾಶಿಯನ್ನೂ ಒಣ ರಾಶಿಯನ್ನೂ ಸೇರಿಸಿ ಸರಾಸರಿ ತೋರಿಸುವುದು ವಂಚನೆ.

ಹಡಗು ನಿಲ್ಲುವ ಕಟ್ಟೆಯಾದ ಬರ್ತಿನಲ್ಲಿ ಡಬ್ಬಿ ಪರೀಕ್ಷೆ ಮಾಡಬಹುದು. ಅರ್ಧದಿಂದ ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧ ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ, ಒಂದೆರಡು ಸೆಕೆಂಡಿಗೊಮ್ಮೆ ಕುಟ್ಟಿ. ಮೇಲೆ ನೀರು ಜಿನುಗಿದರೆ ಲೋಡಿಂಗಿಗೆ ಮುನ್ನ ಮತ್ತೆ ಲ್ಯಾಬಿಗೆ ಕಳಿಸಿ. ಜಿನುಗದಿದ್ದರೆ ಕ್ಷೇಮವೆಂದು ಅರ್ಥವಲ್ಲ, ಇದನ್ನು ಮರೆಯುವವರೇ ಹೆಚ್ಚು. ಕ್ರೇನಿನ ಗ್ರ್ಯಾಬಿನಿಂದ ಬಿದ್ದ ಅದಿರು ಹೋಲ್ಡಿನ ಗೋಡೆಗೆ ಕೆಸರಿನಂತೆ ಸಿಡಿದಿದ್ದರೂ ಸಂಶಯಪಡಿ. ಕ್ಯಾಪ್ಟನ್ ಸರಕನ್ನು ಬೇಡವೆನ್ನಬಹುದು. ಆ ಅಧಿಕಾರವನ್ನು ಸಂಹಿತೆಯೇ ಕೊಟ್ಟಿದೆ. ಏಜೆಂಟರು ಅವರ ಮೇಲೆ ಒತ್ತಡ ತರಬಾರದು.

ತುಂಬುವ ಕ್ರಮವನ್ನು ಹಡಗಿನವರೂ ಸರಕು ತುಂಬಿಸುವ ಸ್ಟೀವಡೋರರೂ ಮೊದಲೇ ಬರೆದು ಒಪ್ಪಿಕೊಂಡಿರಬೇಕು. ಒಂದೇ ಹೋಲ್ಡನ್ನು ಒಮ್ಮೆಲೇ ತುಂಬಿದರೆ ಹಡಗಿನ ಮೈ ಬಾಗುತ್ತದೆ. ಕೊನೆಗೆ ರಾಶಿಯ ತಲೆ ತಟ್ಟಿ ಸಮ ಮಾಡಬೇಕು. ಸಮ ಮಾಡಿದರೆ ಅದಿರು ಜಾರುವುದು ತಗ್ಗುತ್ತದೆ, ಒದ್ದೆ ಅದಿರು ಕೆಸರಾಗುವುದು ತಪ್ಪುವುದಿಲ್ಲ. ಹೋಲ್ಡಿನ ತಳದಲ್ಲಿ ನೀರು ಸೇರುವ ಬಿಲ್ಜ್ ಬಾವಿಗಳಿಗೆ ಗೋಣಿ ಹೊದಿಸಿ, ದಾರಿಯಲ್ಲಿ ದಿನವೂ ನೀರಿನ ಮಟ್ಟ ಅಳೆಯಿರಿ. ಆದರೆ ಬಿಲ್ಜ್ ಒಣಗಿದೆಯೆಂದು ನಿಶ್ಚಿಂತರಾಗಬೇಡಿ. ಹುಡಿ ಅದಿರು ನೀರನ್ನು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು.