ಗ್ರೂಪ್ ಟೂರ್ ಹೋಗೋರೆಲ್ಲ ಕುರಿಗಳಾ? ಕೊರಿಯಾ ಬಗ್ಗೆ ಒಂದು ನೇರ ಮಾತು

ಎಲ್ಲರಿಗೂ ನಮಸ್ಕಾರ. ಇವತ್ತು ಕೊರಿಯನ್ ಊಟದ ವಿಡಿಯೋ ಹಾಕ್ಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು, ಆದ್ರೆ ಬೆಳಿಗ್ಗೆ ಎದ್ದು ಫೋನ್ ತೆಗೆದ್ರೆ ಒಂದು ಕಾಮೆಂಟ್. ಓದ್ತೀನಿ ಕೇಳಿ. "ಬ್ರೋ, ಅಷ್ಟು ದೂರ ಕೊರಿಯಾಗೆ ಹೋಗಿ ಬಾವುಟ ಹಿಡ್ಕೊಂಡೋರ ಹಿಂದೆ ಕುರಿ ತರ ನಡೆಯೋದು ಟ್ರಾವೆಲ್ಲಾ? ನಿಜವಾದ ಟ್ರಾವೆಲರ್ ಒಬ್ನೇ ಹೋಗ್ತಾನೆ." ಅದಕ್ಕೆ ಲೈಕ್ ಬೇರೆ, ನನ್ ವಿಡಿಯೋಗಿಂತ ಜಾಸ್ತಿ ಸ್ಪೀಡಲ್ಲಿ.

ಸರಿ. ಊಟ ಶುಕ್ರವಾರ. ಇವತ್ತು ಇದೇ ಮಾತಾಡೋಣ.

ನಾನು ಹೇಳೋದು ಒಂದೇ. ಒಂದು ದೇಶದ ಹಳೇ ಸಂಸ್ಕೃತಿ ನೋಡ್ಬೇಕು ಅಂದ್ರೆ ಪಕ್ಕದಲ್ಲಿ ಹೇಳೋರು ಒಬ್ರು ಇರ್ಬೇಕು. ಹೇಳೋರಿಲ್ದೆ ನೋಡಿದ್ದು ನೋಡ್ದಂಗಲ್ಲ. ಭಾಷೆ ಬರಲ್ಲ, ಲಿಪಿ ಬರಲ್ಲ, ಅಂಥ ಊರಲ್ಲಿ ಆ ಹೇಳೋರು ನಮ್ಮಂಥೋರ ಕೈಗೆಟುಕೋ ದುಡ್ಡಲ್ಲಿ ಸಿಗೋದು ಗ್ರೂಪ್ ಡೇ ಟೂರಲ್ಲೇ, ಯಾಕಂದ್ರೆ ಪ್ರೈವೇಟ್ ಗೈಡ್ ಇಡೋ ಖರ್ಚು ಇಪ್ಪತ್ತು ಜನಕ್ಕೆ ಹಂಚೋಗತ್ತೆ. ಇಷ್ಟೇ ನನ್ ವಾದ. ಇದನ್ನೇ ಇವತ್ತು ಹತ್ತು ಸಲ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ನಾನು ಎರಡು ಸಲ ಹೋಗಿದೀನಿ. ಮೊದಲ್ನೇ ಸಲ ಆ ಕಾಮೆಂಟ್ ಹಾಕಿರೋ ಹುಡುಗ ಹೇಳ್ದಂಗೇ, ಒಬ್ನೇ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಫೋನು. ಸಿಯೋಲ್‌ನಲ್ಲಿ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ನೋಡೋಣ ಅಂತ ಹೋದ್ರೆ ಬಾಗಿಲು ಹಾಕಿದೆ, ಯಾಕಂದ್ರೆ ಅದು ಮಂಗಳವಾರ, ಆ ಅರಮನೆಗೆ ಮಂಗಳವಾರ ರಜ. ಮಾರನೇ ದಿನ ಮತ್ತೆ ಹೋದೆ, ಮೂರು ಸಾವಿರ ವಾನ್ ಟಿಕೆಟ್, ನಮ್ ಲೆಕ್ಕದಲ್ಲಿ ಹೆಚ್ಚುಕಮ್ಮಿ ಇನ್ನೂರು ರೂಪಾಯಿ, ಒಳಗೆ ಹೋಗಿ ದೊಡ್ಡ ಅಂಗಳ ನೋಡ್ದೆ, ಬಣ್ಣ ಬಳಿದಿರೋ ಕಂಬ ನೋಡ್ದೆ, ಹೆಂಚು ನೋಡ್ದೆ, ಫೋಟೋ ತಗೊಂಡೆ, ನಲವತ್ತು ನಿಮಿಷಕ್ಕೆ ಹೊರಗೆ. ಮನೆಗೆ ಬಂದ್ಮೇಲೆ ಏನ್ ನೋಡ್ದೆ ಅಂತ ಅಮ್ಮ ಕೇಳಿದ್ರೆ "ಚೆನ್ನಾಗಿತ್ತು" ಅನ್ನೋದು ಬಿಟ್ರೆ ನನ್ ಬಾಯಲ್ಲಿ ಮಾತೇ ಇಲ್ಲ.

ಎರಡನೇ ಸಲ ಅಮ್ಮನ್ನ ಕರ್ಕೊಂಡು ಹೋದೆ, ಅಮ್ಮನಿಗೋಸ್ಕರ ಗ್ರೂಪ್ ಟೂರ್ ಬುಕ್ ಮಾಡ್ದೆ. ಅದೇ ಅರಮನೆ, ಅದೇ ಅಂಗಳ. ಗೈಡ್ ಒಬ್ರು ಹೆಂಗಸು, ಐವತ್ತರ ಮೇಲಿರ್ಬೇಕು, ಇಂಗ್ಲಿಷಲ್ಲಿ ಹೇಳ್ತಿದ್ರು, ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳ್ತಿದ್ದೆ. ಅವರು ಮೊದಲು ಹೇಳಿದ್ದು, ಎಲ್ರೂ ಜೇಬಿಂದ ಹತ್ತು ಸಾವಿರ ವಾನ್ ನೋಟು ತೆಗೀರಿ ಅಂತ. ತೆಗೆದ್ವಿ. ನೋಟಲ್ಲಿ ಸೆಜೊಂಗ್ ರಾಜ ಇದ್ದಾನಲ್ಲ, ಅವನ ಹಿಂದೆ ಏನಿದೆ ನೋಡಿ ಅಂದ್ರು. ಕೆಂಪು ಸೂರ್ಯ, ಬಿಳಿ ಚಂದ್ರ, ಐದು ಬೆಟ್ಟ. ಈಗ ಮೇಲೆ ನೋಡಿ ಅಂದ್ರು. ಸಿಂಹಾಸನದ ಹಿಂದೆ ಅದೇ ಚಿತ್ರ, ಅಷ್ಟೆತ್ತರಕ್ಕೆ! ರಾಜ ಎಲ್ಲಿ ಕೂತ್ರೂ ಹಿಂದೆ ಆ ಪರದೆ ಇರ್ಬೇಕಿತ್ತಂತೆ. ಮೊದಲ್ನೇ ಸಲ ನಾನು ಅದೇ ನೋಟು ಕೊಟ್ಟು ಕಾಫಿ ಕುಡಿದಿದೀನಿ, ಅದೇ ಸಿಂಹಾಸನದ ಮುಂದೆ ನಿಂತಿದೀನಿ, ಎರಡಕ್ಕೂ ಸಂಬಂಧ ಇದೆ ಅಂತ ಯಾರು ಹೇಳ್ಬೇಕಿತ್ತು ನಂಗೆ?

ಆಮೇಲೆ ಅಂಗಳದಲ್ಲಿ ಸಾಲಾಗಿ ಸಣ್ಣ ಸಣ್ಣ ಕಲ್ಲುಗಳು. ನಾನು ಮೊದಲ್ನೇ ಸಲ ಅದರ ಮೇಲೆ ನೀರಿನ ಬಾಟ್ಲಿ ಇಟ್ಟಿದ್ದೆ. ಅವು ಅಧಿಕಾರಿಗಳ ದರ್ಜೆ ಕಲ್ಲು ಕಣ್ರೀ. ರಾಜ ದಕ್ಷಿಣಕ್ಕೆ ಮುಖ ಮಾಡಿ ಕೂತ್ರೆ ಪೂರ್ವಕ್ಕೆ ಮಂತ್ರಿ ಮುತ್ಸದ್ದಿಗಳು, ಪಶ್ಚಿಮಕ್ಕೆ ಸೇನೆಯೋರು, ಅವರವರ ದರ್ಜೆ ಕಲ್ಲಿನ ಪಕ್ಕ ಅವರವರು. ಆ ಎರಡು ಸಾಲಿಂದಾನೇ 'ಯಾಂಗ್‌ಬಾನ್' ಅನ್ನೋ ಪದ ಬಂತು, ಡ್ರಾಮಾ ನೋಡೋರಿಗೆ ಗೊತ್ತಿರತ್ತೆ, ದೊಡ್ಡ ಮನೆತನದೋರು ಅಂತ. ಪಕ್ಕದಲ್ಲಿ ಒಂದು ಕಬ್ಬಿಣದ ದೊಡ್ಡ ಕೊಪ್ಪರಿಗೆ. ನಾನು ಕಸದ ಡಬ್ಬ ಅನ್ಕೊಂಡು ಮುಂದೆ ಹೋಗಿದ್ದೆ. ಅದರ ಹೆಸರು ದುಮು. ತುಂಬ ನೀರು ಇಡೋರು, ಬೆಂಕಿ ಭೂತ ಬಂದು ನೀರೊಳಗೆ ತನ್ನ ವಿಕಾರ ಮುಖ ತಾನೇ ನೋಡಿ ಹೆದರಿ ಓಡೋಗ್ಲಿ ಅಂತ. ಅಮ್ಮ ತಕ್ಷಣ "ನಮ್ಮಲ್ಲಿ ಮನೆ ಕಟ್ಟುವಾಗ ದೃಷ್ಟಿ ಬೊಂಬೆ ಕಟ್ತೀವಲ್ಲ, ಹಂಗೇ" ಅಂದ್ರು. ನಾನು ಅದನ್ನ ಗೈಡ್‌ಗೆ ಹೇಳ್ದೆ, ಅವರು ಬಸ್ಸಿನೋರಿಗೆಲ್ಲ ಹೇಳಿದ್ರು. ಬೆಂಕಿ ಭಯ ಸುಮ್ನೆ ಅಲ್ಲ, 1395ರಲ್ಲಿ ಕಟ್ಟಿದ ಅರಮನೆ 1592ರ ಜಪಾನ್ ದಾಳಿ ಟೈಮಲ್ಲಿ ಸುಟ್ಟೋಯ್ತು, 1867ರ ತನಕ ಮತ್ತೆ ಎದ್ದು ನಿಲ್ಲಲಿಲ್ಲ, ಆಮೇಲೂ ಜಪಾನಿನ ವಸಾಹತು ಸರ್ಕಾರ ಬಂದು ಸಿಂಹಾಸನದ ಮನೆ ಎದುರಿಗೇ ತನ್ನ ದೊಡ್ಡ ಆಫೀಸು ಕಟ್ಟಿ ಕೂತಿತ್ತು, ಅದನ್ನ ಒಡೆಯೋಕೆ ಶುರು ಮಾಡಿದ್ದು 1995ರಲ್ಲಿ. ಇದು ಗೊತ್ತಿಲ್ದೆ ಆ ಅಂಗಳದಲ್ಲಿ ನಿಂತ್ರೆ ಅಂಗಳ ಖಾಲಿ. ಗೊತ್ತಿದ್ರೆ ಮೈ ಜುಮ್ ಅನ್ನತ್ತೆ.

ಹೇಳೋರು ಬೇಕು ಅಂದಿದ್ದು ಇದಕ್ಕೇ!

ಹಾಂ, ಹೊಸದಾಗಿ ಬಂದೋರು ಸಬ್‌ಸ್ಕ್ರೈಬ್ ಮಾಡ್ಕೊಳ್ಳಿ, ಗಂಟೆ ಒತ್ತಿ. ಕನ್ನಡದಲ್ಲಿ ಈ ತರ ವಿಷಯ ಮಾಡೋರು ಕಮ್ಮಿ, ನೀವು ನೋಡಿದ್ರೆ ತಾನೆ ನಾವು ಮಾಡೋದು.

ಈಗ ಎರಡನೇ ದಿನದ ಟೂರ್. ಸುವೊನ್‌ನಲ್ಲಿರೋ ಹ್ವಾಸೊಂಗ್ ಕೋಟೆ ಮತ್ತೆ ಯೊಂಗಿನ್‌ನಲ್ಲಿರೋ ಜನಪದ ಹಳ್ಳಿ, ಎರಡೂ ಒಂದೇ ದಿನ. "ಒಂದೇ ದಿನ ಎರಡು ಜಾಗ, ಓಡೋ ಟೂರು" ಅಂತೀರಲ್ಲ, ಕೇಳಿ. ಕೋಟೆ ಗೋಡೆ 5.7 ಕಿಲೋಮೀಟರ್, ಅದನ್ನ ಪೂರ್ತಿ ಸುತ್ತಿಲ್ಲ ನಾವು, ಒಪ್ಕೋತೀನಿ. ಆದ್ರೆ ಕೋಟೆ ಯಾಕಿದೆ ಅನ್ನೋದು ಬಸ್ಸಲ್ಲೇ ಕೇಳ್ಕೊಂಡು ಇಳಿದ್ವಿ. 1762ರಲ್ಲಿ ಯೊಂಗ್ಜೊ ಅನ್ನೋ ರಾಜ ಹೆತ್ತ ಮಗ ಸಾದೊನ್ನ ಅಕ್ಕಿ ಪೆಟ್ಟಿಗೆ ಒಳಗೆ ಕೂಡಿ ಹಾಕ್ಸಿ ಸಾಯಿಸ್ತಾನೆ, ಎಂಟು ದಿನ. ಸಾದೊನ ಮಗ ಇನ್ನೂ ಹತ್ತು ತುಂಬದ ಹುಡುಗ. ಆ ಹುಡುಗ ದೊಡ್ಡೋನಾಗಿ ಜೊಂಗ್ಜೊ ರಾಜ ಆಗ್ತಾನೆ, ಅಪ್ಪನ ಸಮಾಧಿಯನ್ನ ಸುವೊನ್ ಕಡೆ ಒಳ್ಳೇ ಜಾಗಕ್ಕೆ ತರ್ತಾನೆ, ಅದರ ಹತ್ರ 1794ರಿಂದ 1796ರೊಳಗೆ ಈ ಕೋಟೆ ಕಟ್ಟಿಸ್ತಾನೆ. 1795ರಲ್ಲಿ ತಾಯಿಗೆ ಅರವತ್ತರ ಹಬ್ಬ ಮಾಡಿದ್ದೂ ಇಲ್ಲೇ ಇರೋ ಅರಮನೇಲಿ. ಬಸ್ಸಲ್ಲಿ ಅಮ್ಮ ಸುಮ್ನೆ ಕೂತ್ಬಿಟ್ರು. ಇಳಿದ್ಮೇಲೆ ಗೋಡೆಗೆ ಕೈ ಇಟ್ಟು ನಿಂತ್ರು.

ಇನ್ನೊಂದು. ಆ ಕೋಟೆ ಕೆಲಸದ ಲೆಕ್ಕ ಪೂರ್ತಿ ಪುಸ್ತಕ ಮಾಡಿಟ್ಟಿದಾರೆ, ಉಯಿಗ್ವೆ ಅಂತಾರೆ ಅಂಥ ದಾಖಲೆಗೆ. ಕೆಲಸ ಮಾಡಿದ ಕುಶಲಕರ್ಮಿಗಳ ಹೆಸರು, ಎಷ್ಟು ದಿನ ಮಾಡಿದ್ರು, ಎಷ್ಟು ಕೂಲಿ, ಯಾವ ಯಂತ್ರ, ಅದರ ಚಿತ್ರ. ಕಲ್ಲೆತ್ತೋ ರಾಟೆ ಯಂತ್ರ ಮಾಡಿದ್ದು ಜೊಂಗ್ ಯಾಗ್ಯೊಂಗ್ ಅನ್ನೋ ಪಂಡಿತ. ಕೊರಿಯಾ ಯುದ್ಧದಲ್ಲಿ ಕೋಟೆ ಹಾಳಾಯ್ತು, 1970ರ ದಶಕದಲ್ಲಿ ಆ ಪುಸ್ತಕ ಇಟ್ಕೊಂಡೇ ಮತ್ತೆ ಕಟ್ಟಿದ್ರು, 1997ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ನಮ್ಮ ಬೇಲೂರಲ್ಲಿ ಕೆಲವು ಶಿಲ್ಪಿಗಳು ವಿಗ್ರಹದ ಕೆಳಗೆ ಹೆಸರು ಕೆತ್ತಿದಾರೆ ಅಂತ ಎಷ್ಟು ಹೆಮ್ಮೆ ಪಡ್ತೀವಿ, ಇಲ್ಲಿ ಕೂಲಿ ಲೆಕ್ಕ ಸಮೇತ ಇದೆ! ಬೇಲೂರಲ್ಲೂ ಅಷ್ಟೇ ಅಲ್ವಾ, ಟಾರ್ಚ್ ಹಾಕಿ ತೋರ್ಸೋ ಗೈಡ್ ಇಲ್ದಿದ್ರೆ ಎಷ್ಟು ಜನಕ್ಕೆ ಆ ಅಕ್ಷರ ಕಾಣ್ಸತ್ತೆ?

ಜನಪದ ಹಳ್ಳಿ ಮಾತು ಬಂದ್ರೆ "ಅದು ಟೂರಿಸ್ಟ್‌ಗೆ ಮಾಡಿರೋ ಸೆಟ್ಟು" ಅಂತ ಮೂಗು ಮುರಿಯೋರಿದಾರೆ. 1974ರಲ್ಲಿ ಶುರುವಾಗಿದ್ದು ಹೌದು, ಟೂರಿಸ್ಟ್‌ಗೇ ಮಾಡಿದ್ದು ಹೌದು. ಬೇರೆ ಬೇರೆ ಪ್ರಾಂತ್ಯದ ಮನೆಗಳನ್ನ ತಂದು ನಿಲ್ಸಿದಾರೆ, ಕಟ್ಟಿದಾರೆ. ಅಲ್ಲಿ ಅಮ್ಮ ಬೀಸೋಕಲ್ಲು ನೋಡಿದ್ರು, ಹಿತ್ತಲಲ್ಲಿ ಸಾಲಾಗಿಟ್ಟಿರೋ ಮಣ್ಣಿನ ಜಾಡಿಗಳು ನೋಡಿದ್ರು, ಸೋಯಾ ಹುದುಗು ಹಾಕೋ ಜಾಡಿ, ನಮ್ಮ ಉಪ್ಪಿನಕಾಯಿ ಭರಣಿ ತರಾನೇ. ಒಂದು ಮನೆ ಬಾಗಿಲಿಗೆ ಹುಲ್ಲಿನ ಹಗ್ಗ ಕಟ್ಟಿ ಕೆಂಪು ಮೆಣಸಿನಕಾಯಿ, ಇದ್ದಿಲು ಸಿಕ್ಸಿದ್ರು. ನಾನಾಗಿದ್ರೆ ಡೆಕೊರೇಷನ್ ಅಂತ ರೀಲ್ಸ್ ಮಾಡ್ತಿದ್ದೆ. ಗೈಡ್ ನಿಲ್ಸಿದ್ರು. ಮನೇಲಿ ಮಗು ಹುಟ್ಟಿದ್ರೆ ಆ ಹಗ್ಗ, ಮೆಣಸಿನಕಾಯಿ ಇದ್ರೆ ಗಂಡು, ಇದ್ದಿಲು ಪೈನ್ ಎಲೆ ಮಾತ್ರ ಇದ್ರೆ ಹೆಣ್ಣು, ಮೂರು ವಾರ ಹೊರಗಿನೋರು ಒಳಗೆ ಬರಂಗಿಲ್ಲ. ಮಾಮೂಲಿ ಹಗ್ಗ ಬಲಕ್ಕೆ ಹೊಸೆದ್ರೆ ಇದನ್ನ ಎಡಕ್ಕೆ ಹೊಸೀತಾರೆ, ಭೂತಕ್ಕೆ ಗೊಂದಲ ಆಗ್ಲಿ ಅಂತ. ಅಮ್ಮ ಅಂದಿದ್ದು ಒಂದೇ ಪದ. "ಪುರುಡು." ಅದನ್ನ ಇಂಗ್ಲಿಷಲ್ಲಿ ಹೇಳೋಕೆ ನಂಗೆ ಐದು ನಿಮಿಷ ಹಿಡೀತು, ಗೈಡ್ ಕಣ್ಣು ಅಗಲ ಮಾಡ್ಕೊಂಡು ಕೇಳಿದ್ರು. ಇದಕ್ಕಿಂತ ಸಂಸ್ಕೃತಿ ಅನುಭವ ಬೇರೆ ಇದ್ಯೇನ್ರೀ? ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಒಬ್ನೇ ಹೋದೋನಿಗೆ ಆ ಹಗ್ಗ ಬರೀ ಹಗ್ಗ.

ಆಮೇಲೆ ಹಗ್ಗದ ಮೇಲೆ ನಡೆಯೋ ಆಟ, ಜುಲ್ತಾಗಿ. ನಮ್ ದೊಂಬರಾಟ ನೆನಪಾಗತ್ತೆ, ಆದ್ರೆ ಅವನು ಹಗ್ಗದ ಮೇಲೆ ಬರೀ ನಡೆಯಲ್ಲ, ಕೆಳಗಿರೋ ಹಾಸ್ಯಗಾರನ ಜೊತೆ ಮಾತಿಗೆ ಮಾತು ಕೊಡ್ತಾನೆ, ದೊಡ್ಡ ಮನುಷ್ಯರನ್ನ ಗೇಲಿ ಮಾಡ್ತಾನೆ, ಹಾಡ್ತಾನೆ. ಆ ಮಾತೇ ಅರ್ಧ ಆಟ, ಯಕ್ಷಗಾನದಲ್ಲಿ ಹಾಸ್ಯಗಾರ ಇದ್ದಂಗೆ. ಕೊರಿಯನ್ನರೆಲ್ಲ ನಗ್ತಿದಾರೆ, ಗೈಡ್ ನಮ್ ಕಿವೀಲಿ ಒಂದೊಂದೇ ಸಾಲು ಹೇಳ್ತಿದಾರೆ, ನಾವೂ ನಗ್ತಿದೀವಿ, ಒಂದು ಕ್ಷಣ ಲೇಟಾಗಿ. ಒಬ್ನೇ ಹೋಗಿದ್ರೆ? ಸರ್ಕಸ್ ನೋಡ್ಕೊಂಡು ಬರ್ತಿದ್ದೆ ಅಷ್ಟೇ.

ಈಗ ವಾದಗಳಿಗೆ ಬರೋಣ, ಬೇಗ ಮುಗಿಸ್ತೀನಿ, ಅಂಥ ದೊಡ್ಡ ವಾದಗಳೇನಲ್ಲ.

"ಆಡಿಯೋ ಗೈಡ್ ಇದೆ." ಇದೆ. ಅಮ್ಮ ಪುರುಡು ಅಂದ್ರೆ ಅದು ಉತ್ತರ ಕೊಡತ್ತಾ?

"ನೆಟ್ಟಲ್ಲಿ ಓದ್ಕೊಂಡು ಹೋಗ್ತೀವಿ." ಓದಿ, ತುಂಬ ಸಂತೋಷ, ನಮ್ ಚಾನಲ್ ನೋಡ್ಕೊಂಡೂ ಹೋಗಿ. ಆದ್ರೆ ಆ ಕೊಪ್ಪರಿಗೆ ಮುಂದೆ ನಿಂತಾಗ ಇದು ಅದೇ ಅಂತ ನಿಮ್ಗೆ ಹೊಳೆಯತ್ತಾ? ನಂಗೆ ಹೊಳೀಲಿಲ್ಲ, ನಾನೂ ಓದ್ಕೊಂಡೇ ಹೋಗಿದ್ದೆ.

"ಗಿನ್ಸೆಂಗ್ ಅನ್ನೋ ಔಷಧಿ ಬೇರಿನ ಅಂಗಡಿಗೆ ಕರ್ಕೊಂಡು ಹೋಗಿ ಟೈಮ್ ತಿಂತಾರೆ." ಇದು ನಿಜ, ಒಂದು ಟೂರಲ್ಲಿ ನಮ್ಗೂ ಮುಕ್ಕಾಲು ಗಂಟೆ ಹೋಯ್ತು, ಸಿಟ್ಟೂ ಬಂತು. ಬುಕ್ ಮಾಡೋ ಮುಂಚೆ ಕಾರ್ಯಕ್ರಮದ ಪಟ್ಟಿ ಪೂರ್ತಿ ಓದಿ, ಶಾಪಿಂಗ್ ಸ್ಟಾಪ್ ಇಲ್ಲ ಅಂತ ಬರೆದಿರೋದೇ ಆರಿಸ್ಕೊಳ್ಳಿ. ಮುಗೀತು. ಇದಕ್ಕೋಸ್ಕರ ಇಡೀ ಟೂರ್ ಬೇಡ ಅನ್ನೋದು ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡಂಗೆ.

"ಗುಂಪಲ್ಲಿ ಹೋಗೋರು ಬುಕ್‌ಚೊನ್‌ನಲ್ಲಿ ಗಲಾಟೆ ಮಾಡ್ತಾರೆ, ಅಲ್ಲಿನ ಜನಕ್ಕೆ ತೊಂದ್ರೆ." ಬುಕ್‌ಚೊನ್ ಅಂದ್ರೆ ಹಳೇ ಹಾನೊಕ್ ಮನೆಗಳ ಬೀದಿ, ಜನ ನಿಜವಾಗ್ಲೂ ವಾಸ ಮಾಡ್ತಿರೋ ಮನೆಗಳು. ತೊಂದ್ರೆ ಆಗಿದ್ದು ಹೌದು, ಅದಕ್ಕೇ 2025ರ ಮಾರ್ಚ್‌ನಿಂದ ಅಲ್ಲಿನ ಮುಖ್ಯ ಗಲ್ಲಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಮಾತ್ರ ಪ್ರವಾಸಿಗರಿಗೆ ಬಿಡೋದು, ಮೀರಿದ್ರೆ ಒಂದು ಲಕ್ಷ ವಾನ್ ದಂಡ. ಈ ರೂಲ್ಸ್ ನಂಗೆ ಹೇಳಿದ್ದು ಯಾರು? ಗೈಡು. ಬಾಯಿ ಮೇಲೆ ಬೆರಳಿಟ್ಟು ಇಪ್ಪತ್ತು ಜನನ್ನ ಪಿಸುಮಾತಲ್ಲಿ ನಡೆಸಿದ್ದು ಯಾರು? ಅದೇ ಗೈಡು. ಖಾಲಿ ಬೀದಿ ಫೋಟೋ ಬೇಕು ಅಂತ ಬೆಳಿಗ್ಗೆ ಆರಕ್ಕೆ ಬೇರೆಯೋರ ಮನೆ ಬಾಗಿಲ ಮುಂದೆ ಟ್ರೈಪಾಡ್ ನಿಲ್ಸೋದು ಯಾರು ಸ್ವಾಮಿ, ಬಸ್ಸಲ್ಲಿ ಬಂದಿರೋ ಅಜ್ಜಿನಾ?

ಇನ್ನು ಊಟ. ವೆಜ್ ಊಟದೋರು ತಿಳ್ಕೊಳ್ಳಿ, ಕಿಮ್ಚಿ ನೋಡೋಕೆ ಬರೀ ಎಲೆಕೋಸು, ಒಳಗೆ ಸಾಮಾನ್ಯವಾಗಿ ಉಪ್ಪಲ್ಲಿ ಹುದುಗು ಬರ್ಸಿದ ಸೀಗಡಿ ಅಥವಾ ಮೀನಿನ ರಸ ಇರತ್ತೆ. ಅಮ್ಮನ ತಟ್ಟೆಗೆ ಬೀಳೋ ಮುಂಚೆ ಗೈಡ್ ತಡೆದ್ರು. ಬೌದ್ಧ ಮಠದ ಅಡುಗೇಲಿ ಮಾಂಸ ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ ಅಂತ ಹೇಳಿದ್ದೂ ಅವರೇ, ಅಮ್ಮ ಆಮೇಲೆ ಅದನ್ನೇ ಹುಡುಕ್ಕೊಂಡು ಹೋದ್ರು. ಪೂರ್ತಿ ಕಥೆ ಶುಕ್ರವಾರದ ವಿಡಿಯೋದಲ್ಲಿ, ಮಿಸ್ ಮಾಡ್ಬೇಡಿ, ಮೆಂಬರ್ಸ್‌ಗೆ ಗುರುವಾರಾನೇ ಸಿಗತ್ತೆ.

ನಂಗೆ ನಿಜವಾಗ್ಲೂ ಉರಿಯೋದು 'ಕುರಿ' ಅನ್ನೋ ಪದಕ್ಕೆ. ಯಾರು ಕುರಿ? ಅರವತ್ತು ದಾಟಿರೋ, ಮಂಡಿ ನೋವಿರೋ, ಜೀವನದಲ್ಲಿ ಮೊದಲ್ನೇ ಸಲ ಪಾಸ್‌ಪೋರ್ಟ್ ಮಾಡ್ಸಿರೋ ನಮ್ಮಮ್ಮನಾ? ಬಸ್ಸಲ್ಲಿ ಪಕ್ಕದ ಸೀಟಲ್ಲಿ ಮಲೇಷ್ಯಾದಿಂದ ಬಂದಿದ್ದ ಅಜ್ಜಿ, ಹಾನ್‌ಬೊಕ್ ಅಂತ ಅಲ್ಲಿನ ಸಾಂಪ್ರದಾಯಿಕ ಉಡುಪು ಹಾಕ್ಕೊಂಡು ಕನ್ನಡಿ ಮುಂದೆ ಅತ್ತೇಬಿಟ್ರು ಖುಷಿಗೆ, ಅವರಾ? ಅಷ್ಟು ಹೊತ್ತು ನಿಂತು, ಕೇಳಿ, ಪ್ರಶ್ನೆ ಕೇಳಿ, ತಿಳ್ಕೊಂಡು ಬಂದೋರು ಕುರಿ, ನಲವತ್ತು ನಿಮಿಷಕ್ಕೆ ಸೆಲ್ಫಿ ತಗೊಂಡು ಹೊರಗೆ ಬಂದೋನು ಟ್ರಾವೆಲರ್ರು? ಯಾರ ಹಿಂದೆ ಯಾರು ನಡೆದ್ರು ಅನ್ನೋದಲ್ಲ ರೀ, ಏನು ತಿಳ್ಕೊಂಡು ಬಂದ್ರು ಅನ್ನೋದು. ಹೇಳೋರ ಹಿಂದೆ ನಡೆಯೋದ್ರಲ್ಲಿ ನಾಚಿಕೆ ಏನಿದೆ, ಮೇಷ್ಟ್ರ ಹಿಂದೆ ನಡೆದೇ ತಾನೆ ನಾವೆಲ್ಲ ಓದಿದ್ದು. ಇಲ್ಲ, ನಂಗೆ ಇದು ತಡಿಯಕ್ಕಾಗಲ್ಲ. ಇನ್ನೊಂದ್ಸಲ ಯಾರಾದ್ರೂ ಕಾಮೆಂಟಲ್ಲಿ ಕುರಿ ಅಂತ ಬರೆದ್ರೆ ನೇರ ಬ್ಲಾಕ್, ಚರ್ಚೆ ಇಲ್ಲ.

ಸರಿ, ನೀರು ಕುಡೀತೀನಿ ಒಂದ್ನಿಮಿಷ.

ಅಮ್ಮ ಈಗ ಮುಂದಿನ ಸಲ ಆಂದೊಂಗ್ ಕಡೆ ಹಾಹ್ವೆ ಹಳ್ಳಿಗೆ ಹೋಗ್ಬೇಕು, ಮುಖವಾಡ ಹಾಕ್ಕೊಂಡು ಕುಣೀತಾರಂತಲ್ಲ ಅದು ನೋಡ್ಬೇಕು ಅಂತ ದಿನಾ ಶುರು ಮಾಡಿದಾರೆ. ಗುಂಪಲ್ಲೇ ಹೋಗ್ತೀವಿ, ಬಸ್ಸಲ್ಲೇ ಹೋಗ್ತೀವಿ, ಬಾವುಟದ ಹಿಂದೇನೇ ಹೋಗ್ತೀವಿ. ನಾವು ಹೋದ ಟೂರ್‌ಗಳ ವಿವರ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದೀನಿ, ಯಾರ ಹತ್ರಾನೂ ದುಡ್ಡು ತಗೊಂಡಿಲ್ಲ. ನೀವು ಅಮ್ಮನ್ನೋ ಅತ್ತೇನೋ ಕರ್ಕೊಂಡು ಹೋಗಿದ್ರೆ ಅವರು ಏನಂದ್ರು ಅಂತ ಬರೀರಿ, ಅದನ್ನ ಮಾತ್ರ ಎಲ್ಲಾ ಓದ್ತೀನಿ. ಮತ್ತೆ ಗ್ಯೊಂಗ್‌ಬೊಕ್‌ಗುಂಗ್‌ಗೆ ಮಂಗಳವಾರ ಹೋಗ್ಬೇಡಿ.